ಗಿರಣಿಯ ಪುಟ್ಟ ಕಾರ್ಡು

ಆದೋನಿಯಂಥ ಹತ್ತಿ ಪೇಟೆಗಳಲ್ಲಿ ಗಿರಣಿ ನಡೆಸುವ ಬಂಧುಗಳಿಗೆ ಈ ಸಲ ಒಂದು ಕಿವಿಮಾತು. ಸೀಮೆನ್ಸ್ ಎಸ್‌7-300 ಜಾತಿಯ ಹಲವು ಕಂಟ್ರೋಲರುಗಳಲ್ಲಿ ಯಂತ್ರ ನಡೆಸುವ ಪ್ರೋಗ್ರಾಮು ಇರುವುದು ಅಂಚೆಚೀಟಿಯಷ್ಟು ಮೆಮೊರಿ ಕಾರ್ಡಿನಲ್ಲಿ. ಅದು ಕೆಟ್ಟರೆ ಹತ್ತಿ ಗಾಡಿಗಳು ಬಾಗಿಲಲ್ಲೇ ನಿಂತಾವು!

ಕಾರ್ಡಿನಲ್ಲಿ ಬರೆಯುತ್ತಿರುವಾಗ ಅದನ್ನು ಕಿತ್ತರೆ, ಅಥವಾ ಕರೆಂಟು ಹೋದರೆ, ಕಿರ್ದಿಯ ರಕಮು ಖತಾವಣಿಗೆ ಏರದೆ ಉಳಿದಂತೆ ಬರಹ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಕಂಟ್ರೋಲರಿನ ವಿದ್ಯುತ್ ಆರಿಸಿಯೇ ಕಾರ್ಡು ತೆಗೆಸೋಣ. ಪ್ರೋಗ್ರಾಮು ತಿದ್ದಿಸುವಾಗ ಯು.ಪಿ.ಎಸ್. ಇರಲಿ. ಹುಡುಗರು ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್‌ನಿಂದ ಫಾರ್ಮ್ಯಾಟ್ ಮಾಡುವುದಂತೂ ಬೇಡವೇ ಬೇಡ. ಕಂಪನಿ ಹಾಕಿದ ಗುರುತು ಅಳಿದರೆ ಕಂಟ್ರೋಲರು ಒಪ್ಪದು, ದುಬಾರಿ ಕಾರ್ಡು ಕಸ. ಪ್ರೋಗ್ರಾಮಿನ ನಕಲು ಎಂಜಿನಿಯರರ ಬಳಿ ಮಾತ್ರ ಉಳಿಯಬಾರದು, ಅವರು ಊರು ಬಿಟ್ಟಾರು. ಒಂದನ್ನು ನಮ್ಮ ತಿಜೋರಿಯಲ್ಲೂ ಇಡೋಣ.