ದಪ್ಪಕ್ಷರ ಮತ್ತು ‘ಧ’ಕಾರದ ಹೊಟ್ಟೆ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಮಾರಂಭವೊಂದರ ಆಹ್ವಾನಪತ್ರಿಕೆಯ ಕರಡನ್ನು ತಿದ್ದಿಕೊಡಿರೆಂದು ಕಳುಹಿಸಿದ್ದ. ನಟ್ಟನಡುವೆ ಕಪ್ಪನೆಯ ದಪ್ಪಕ್ಷರಗಳಲ್ಲಿ ‘ದನಸಹಾಯ ಮಾಡಿದ ಮಹನೀಯರು’ ಎಂದಿತ್ತು. ಗೋಶಾಲೆಯ ಕಾರ್ಯಕ್ರಮವೇನಪ್ಪಾ ಎಂದು ಕೇಳಿದೆ. ‘ಇಲ್ಲ ಸಾರ್, ಧನಸಹಾಯ ಅಂತಲೇ ಟೈಪ್ ಮಾಡಿದ್ದೇನೆ’ ಎಂದ. ಭೂತಗನ್ನಡಿ ಹಿಡಿದು ನೋಡಿದರೆ ಅವನ ಮಾತು ನಿಜ. ‘ಧ’ಕಾರದ ಹೊಟ್ಟೆಯ ಸೀಳು ಮಸಿಯಲ್ಲಿ ಮುಚ್ಚಿಹೋಗಿತ್ತು. ಆ ಸೀಳನ್ನು ಮರೆತವರಿಗೆ ನಾನು ಅರ್ಧ ಅಂಕ ಕಳೆಯುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು!

‘ಇಂಗ್ಲಿಷಿನಲ್ಲಿ ಫ್ಯೂಚುರಾ ಬೋಲ್ಡ್ ಎಷ್ಟು ಚೆನ್ನಾಗಿ ಕಾಣುತ್ತದೆ, ಕನ್ನಡಕ್ಕೇಕೆ ಆ ಭಾಗ್ಯವಿಲ್ಲ?’ ಎಂಬುದು ಅವನ ದೂರು. ಪ್ರಶ್ನೆ ನ್ಯಾಯವಾದುದೇ. ಜರ್ಮನಿಯ ಪಾಲ್ ರೆನ್ನರ್ ರೂಪಿಸಿದ ಫ್ಯೂಚುರಾವನ್ನು ಫ್ರಾಂಕ್‌ಫರ್ಟಿನ ಬಾವರ್ ಅಚ್ಚುಮೊಳೆ ಕಾರ್ಖಾನೆ 1927ರಲ್ಲಿ ಹೊರತಂದಿತು. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಬಿಟ್ಟುಬಂದ ಫಲಕದ ಬರಹವೂ ಇದೇ ಅಕ್ಷರದಲ್ಲಿದೆ. (ಮ್ಯೂನಿಕ್ಕಿನ ಮುದ್ರಣಶಾಲೆಯ ಮುಖ್ಯಸ್ಥರಾಗಿದ್ದ ರೆನ್ನರ್ 1933ರಲ್ಲಿ ನಾಜಿಗಳ ಕೋಪಕ್ಕೆ ಗುರಿಯಾಗಿ ಹುದ್ದೆ ಕಳೆದುಕೊಂಡರು. ಮೇಷ್ಟ್ರೆಂಬ ಕಾರಣಕ್ಕೆ ನನಗೆ ಅವರಲ್ಲಿ ಒಂದಿಷ್ಟು ಹೆಚ್ಚಿನ ಅಕ್ಕರೆ.)

ವೃತ್ತ, ತ್ರಿಕೋನ, ಚೌಕಗಳನ್ನು ಕೈವಾರ, ಅಳತೆಪಟ್ಟಿ ಹಿಡಿದು ಬರೆದಂತೆ ಆ ಅಕ್ಷರಗಳು ಕಾಣುತ್ತವೆ. ಆದರೆ ಅದು ತೋರಿಕೆ ಮಾತ್ರ. ಅಡ್ಡಗೆರೆಗಳು ನೆಟ್ಟಗೆರೆಗಳಿಗಿಂತ ಕೊಂಚ ತೆಳು. ಬಾಗಿದ ಗೆರೆ ನೆಟ್ಟಗೆರೆಯನ್ನು ಕೂಡುವೆಡೆ ಇನ್ನಷ್ಟು ಸಣ್ಣದಾಗುತ್ತದೆ; ಇಲ್ಲವಾದರೆ ಅಲ್ಲಿ ಮಸಿ ಗಂಟುಕಟ್ಟುತ್ತದೆ. ಕಣ್ಣಿಗೆ ಸಮನಾಗಿ ಕಾಣಲೆಂದೇ ಅಳತೆಯನ್ನು ಬೇಕೆಂದು ತಪ್ಪಿಸಲಾಗಿದೆ. ಅಕ್ಷರ ದಪ್ಪವಾದಷ್ಟೂ ಈ ಎಚ್ಚರ ಹೆಚ್ಚಬೇಕು.

ನಾವು ಮಾಡುವುದೇನು? ತೆಳು ಅಕ್ಷರವನ್ನೇ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಉಬ್ಬಿಸುತ್ತೇವೆ. ಕನ್ನಡ ಮೊದಲೇ ದುಂಡು ಲಿಪಿ. ತಲೆಯ ಮೇಲೆ ತಲೆಕಟ್ಟು, ಕೆಳಗೆ ಒತ್ತಕ್ಷರ, ನಡುವೆ ಕಿರಿದಾದ ಬಿಳಿಯ ಕಿಂಡಿಗಳು. ಉಬ್ಬಿಸಿದಾಗ ಮೊದಲು ಮುಚ್ಚುವುದು ಆ ಕಿಂಡಿಗಳೇ. ‘ಬ’ಕ್ಕೂ ‘ಭ’ಕ್ಕೂ, ‘ದ’ಕ್ಕೂ ‘ಧ’ಕ್ಕೂ ಇರುವ ಅಂತರ ಒಂದು ಸಣ್ಣ ಗೀಟಿನದು. ಅದು ಅಳಿದರೆ ಅರ್ಥವೇ ಕೆಡುತ್ತದೆ. ಇದನ್ನು ಅಂದಚೆಂದದ ಮಾತೆಂದು ತಳ್ಳಿಹಾಕುವವರೊಡನೆ ನನ್ನ ತಕರಾರಿದೆ.

ದಪ್ಪಕ್ಷರವೇ ಕೂಡದೆಂದು ನಾನು ಹೇಳುವುದಿಲ್ಲ. ಅಂಗಡಿಯ ಫಲಕಕ್ಕೆ, ಸಿನಿಮಾ ಪೋಸ್ಟರಿಗೆ, ಪುಸ್ತಕದ ಹೊದಿಕೆಗೆ ಅದು ಬೇಕೇ ಬೇಕು. ಆದರೆ ದಪ್ಪವಾಗಿರಲೆಂದೇ ಬರೆದ ಅಕ್ಷರವಾಗಿರಬೇಕು. ಮುಂಬಯಿಯ ‘ಏಕ್ ಟೈಪ್’ ಬಳಗ ರೂಪಿಸಿ ಉಚಿತವಾಗಿ ನೀಡಿರುವ ‘ಬಾಲೂ ತಮ್ಮ’ ಅಂಥದು. ಅದು ಶುದ್ಧ ಜ್ಯಾಮಿತಿಯದಲ್ಲ, ಮೃದುವಾದ ದುಂಡಕ್ಷರ. ಕನ್ನಡದ ಮೈಗೆ ಅದೇ ಒಪ್ಪುತ್ತದೆಂದು ನನ್ನ ಎಣಿಕೆ. ಅದನ್ನೂ ನಾಲ್ಕೈದು ಪದಗಳಿಗೆ, ದೊಡ್ಡ ಗಾತ್ರದಲ್ಲಿ ಬಳಸಿದರೆ ಸೊಗಸು. ಪುಟದ ತುಂಬ ಬಳಸಿದರೆ ಮದುವೆಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಾಡಿದಂತೆ.

ಹುಡುಗ ಶೀರ್ಷಿಕೆಯೊಂದನ್ನು ದಪ್ಪವಾಗಿ ಉಳಿಸಿ, ದಾನಿಗಳ ಸಾಲನ್ನು ಸಾದಾ ಅಕ್ಷರಕ್ಕೆ ಬದಲಿಸಿ ಮತ್ತೆ ಕಳುಹಿಸಿದ. ಈ ಸಲ ಭೂತಗನ್ನಡಿ ಬೇಕಾಗಲಿಲ್ಲ.