ಹತ್ತು ಬೆರಳಿನ ಲೆಕ್ಕ

ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡುವುದು ಲೋಕರೂಢಿ. 1930ರಲ್ಲಿ ಕೋಲಾರ ಚಿನ್ನದ ಗಣಿಗಳ ಕಾರ್ಮಿಕರು ಕೆಲಸ ನಿಲ್ಲಿಸಿದಾಗ ಕೂಲಿಯ ಮಾತೂ ಇತ್ತು. ಆದರೆ ಕಿಡಿ ಹೊತ್ತಿದ್ದು ಬೆರಳಿನಿಂದ. ಪ್ರತಿ ಆಳೂ ತನ್ನ ಬೆರಳುಗಳ ಅಚ್ಚು ಕೊಟ್ಟು ಹೊಸದಾಗಿ ನೋಂದಾಯಿಸಿಕೊಳ್ಳಬೇಕೆಂದು ಗಣಿ ಆಡಳಿತ ಹಟ ಹಿಡಿದಿತ್ತು. ಸಾವಿರಾರು ಜನ ಒಲ್ಲೆವೆಂದರು. ವಾರಗಟ್ಟಲೆ ಗಣಿಗೆ ಇಳಿಯಲಿಲ್ಲ. ಇತಿಹಾಸಕಾರ್ತಿ ಜಾನಕಿ ನಾಯರ್ ಈ ಮುಷ್ಕರದ ಬಗ್ಗೆ ವಿವರವಾಗಿ ಬರೆದಿದ್ದಾರೆ. ಕೆಜಿಎಫ್ ಎಂದರೆ ಚಿನ್ನ, ಸೈನೈಡ್ ಗುಡ್ಡ ಮತ್ತು ಸಿನಿಮಾ ಎಂದಷ್ಟೇ ತಿಳಿದವರು ಅದನ್ನು ಓದಬೇಕು.

ಬೆರಳಚ್ಚೆಂದರೆ ಯಾಕೆ ಅಷ್ಟೊಂದು ಕೋಪ? ಆ ಕಾಲಕ್ಕೆ ಬೆರಳಚ್ಚು ಪೊಲೀಸರ ಸೊತ್ತು. ಕಲ್ಕತ್ತೆಯಲ್ಲಿ 1897ರಲ್ಲಿ ಬೆರಳಚ್ಚಿನ ಕಚೇರಿ ತೆರೆದದ್ದೇ ಅಪರಾಧಿಗಳ ಗುರುತು ಇಟ್ಟುಕೊಳ್ಳುವುದಕ್ಕೆ. ಹಾಗಾಗಿ ಹತ್ತು ಬೆರಳು ಒತ್ತು ಎಂದರೆ ಕಳ್ಳರ ಪಟ್ಟಿಗೆ ಸೇರು ಎಂದೇ ಕೇಳಿಸುತ್ತಿತ್ತು. ಗಣಿಯ ಆಳನ್ನು ಚಿನ್ನ ಕದಿಯುವವನೆಂದು ಅನುಮಾನದಿಂದ ನೋಡುವುದು ಮೊದಲಿನಿಂದಲೂ ಇತ್ತು. ಇನ್ನೊಂದು ಲೆಕ್ಕವೂ ಇತ್ತೆನ್ನಿ. ಮೈಸೂರು ಮೈನ್, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂದು ಗಣಿಗಳ ಹೆಸರು ಬೇರೆ ಬೇರೆಯಾದರೂ ನಡೆಸುತ್ತಿದ್ದವರು ಜಾನ್ ಟೇಲರ್ ಕಂಪನಿಯವರೇ. ಒಂದು ಕಡೆ ಮೇಸ್ತ್ರಿಯ ಕೆಂಗಣ್ಣಿಗೆ ಗುರಿಯಾದವನು ಇನ್ನೊಂದು ಕಡೆ ಬೇರೆ ಹೆಸರು ಹೇಳಿ ಕೆಲಸ ಹಿಡಿಯಬಹುದಿತ್ತು. ಬೆರಳು ದಾಖಲಾದರೆ ಆ ಬಾಗಿಲು ಮುಚ್ಚಿದಂತೆ. ಬಡವನಿಗೆ ಎರಡನೆಯ ಹೆಸರೂ ಒಂದು ಆಸ್ತಿಯೇ.

ಹಾಗೆಂದು ಇವರು ಹೆಸರು ಬರೆಸಲು ಹೆದರುವ ಜನವಾಗಿರಲಿಲ್ಲ. ಗಣಿಗೆ ಬಂದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಸೀಮೆಯ ದಲಿತರು. ಮದರಾಸಿನಲ್ಲಿ 1907ರಿಂದ ತಮಿಳು ವಾರಪತ್ರಿಕೆ ನಡೆಸುತ್ತಿದ್ದ ಅಯೋತಿ ದಾಸ ಪಂಡಿತರು, ಜನಗಣತಿಯವರು ಬಂದಾಗ ಅವರು ಕೊಟ್ಟ ಜಾತಿ ಒಪ್ಪಿಕೊಳ್ಳಬೇಡಿ, ಜಾತಿಯಿಲ್ಲದವರು ಎಂದೇ ಬರೆಸಿ, ಬೌದ್ಧರು ಎಂದು ಬರೆಸಿ ಎಂದು ಕರೆ ಕೊಟ್ಟಿದ್ದರು. ಅವರ ಬೌದ್ಧ ಸಂಘದ ಶಾಖೆ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಗಟ್ಟಿಯಾಗಿ ಬೇರೂರಿತ್ತು. ಸರ್ಕಾರದ ಪುಸ್ತಕದಲ್ಲಿ ತಮ್ಮ ಗುರುತನ್ನು ತಾವೇ ಹೇಳಿ ಬರೆಸುವುದಕ್ಕೆ ಇವರಿಗೆ ಉತ್ಸಾಹವಿತ್ತು. ಕಂಪನಿಯ ಪುಸ್ತಕದಲ್ಲಿ ಬೆರಳು ಒತ್ತುವುದಕ್ಕೆ ಇರಲಿಲ್ಲ. ಒಂದರಲ್ಲಿ ಬಾಯಿಗೆ ಕೆಲಸ, ಇನ್ನೊಂದರಲ್ಲಿ ಬರೀ ಬೆರಳಿಗೆ.

ಕೋಲಾರದ ಮುಷ್ಕರಕ್ಕಿಂತ ಮೊದಲೇ, ಇನ್ನೊಂದು ಚಿನ್ನದ ಸೀಮೆಯಾದ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ ಇದೇ ಜಗಳ ನಡೆದಿತ್ತು. ಅಲ್ಲಿನ ಭಾರತೀಯರು ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಕಾನೂನನ್ನು ಗಾಂಧಿ ವಿರೋಧಿಸಿದರು. ಆಮೇಲೆ, 1908ರ ಆರಂಭದಲ್ಲಿ, ಬಲವಂತ ಬೇಡ, ನಾವಾಗಿ ಕೊಡುತ್ತೇವೆ, ನೀವು ಕಾನೂನು ಹಿಂತೆಗೆದುಕೊಳ್ಳಿ ಎಂಬ ರಾಜಿಗೆ ಒಪ್ಪಿದರು. ಅದಕ್ಕಾಗಿ ತಮ್ಮವರ ಕೈಯಿಂದಲೇ ಪೆಟ್ಟು ತಿಂದರು. ಹಾಸಿಗೆಯಲ್ಲಿ ಮಲಗಿದ್ದಲ್ಲೇ ಬೆರಳಚ್ಚು ಕೊಟ್ಟರು. ಸರ್ಕಾರ ಮಾತು ಉಳಿಸಿಕೊಳ್ಳಲಿಲ್ಲವೆಂದಾಗ ಅದೇ ವರ್ಷ ಆಗಸ್ಟ್‌ನಲ್ಲಿ ನೋಂದಣಿ ಪತ್ರಗಳನ್ನು ರಾಶಿ ಹಾಕಿ ಸುಟ್ಟರು. ಬೆರಳು ಕೊಡುವುದೇ ಅವಮಾನ ಎಂದು ಅವರು ಹಟ ಹಿಡಿಯಲಿಲ್ಲ, ನೋಡಿ. ನಾನು ಕೊಟ್ಟಿದ್ದಕ್ಕೆ ನೀನೇನು ಕೊಟ್ಟೆ ಎಂಬ ಲೆಕ್ಕ ಮಾತ್ರ ಬಿಡಲಿಲ್ಲ.

ಈಗ ಮಾರಿಕುಪ್ಪಂನಿಂದ ಬೆಳಗ್ಗೆ ಹೊರಡುವ ಬೆಂಗಳೂರು ರೈಲು ಹತ್ತಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಊರಿನ ಅನ್ನ ಈ ರೈಲಿನಲ್ಲಿದೆ. ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೆಕ್ಯುರಿಟಿಯವರು, ಗಾರ್ಮೆಂಟ್ಸ್ ಹುಡುಗಿಯರು, ಹೌಸ್‌ಕೀಪಿಂಗ್‌ನವರು, ಕುತ್ತಿಗೆಗೆ ಐಡಿ ಕಾರ್ಡ್ ನೇತುಹಾಕಿಕೊಂಡ ಡಿಗ್ರಿ ಹುಡುಗರು. ಫೋನ್ ತೆರೆಯಲು ಬೆರಳು, ದುಡ್ಡು ಕಳಿಸಲು ಬೆರಳು, ಕಂಪನಿಯ ಗೇಟಿನಲ್ಲಿ ಹಾಜರಿಗೆ ಬೆರಳು. ಸಿಗ್ನಲ್‌ಗೆ ರೈಲು ನಿಂತರೆ ಸಾಕು, ಬೋಗಿಯಲ್ಲಿ ಒಂದೇ ಮಾತು: ‘ಇವತ್ತು ಪಂಚ್ ಮಿಸ್ಸು, ಅರ್ಧ ದಿನ ಕಟ್.’ ಗೇಟಿನ ಯಂತ್ರಕ್ಕೆ ಇವನು ಎಷ್ಟು ನಿಮಿಷ ತಡವಾಗಿ ಬಂದ ಎಂಬುದು ಗೊತ್ತು. ಯಾಕೆ ತಡವಾಯಿತು ಎಂದು ಕೇಳುವ ಕಿಂಡಿ ಅದರಲ್ಲಿಲ್ಲ. ತಾತ ಯಾವುದಕ್ಕೆ ಮುಷ್ಕರ ಹೂಡಿದನೋ ಮೊಮ್ಮಗ ಅದನ್ನೇ ತಪ್ಪಿಸಿಕೊಳ್ಳಬಾರದೆಂದು ಪ್ಲಾಟ್‌ಫಾರ್ಮ್ ತುಂಬ ಓಡುತ್ತಾನೆ. ಮೊಮ್ಮಗ ದಡ್ಡನೆಂದು ನಾನು ಹೇಳುತ್ತಿಲ್ಲ. ಬೆರಳು ಒತ್ತಿದರೆ ಅವನಿಗೆ ಸಂಬಳವಾದರೂ ಖಾತೆಗೆ ಬಂದು ಬೀಳುತ್ತದೆ.

ಕಷ್ಟವೆಲ್ಲ ಯಂತ್ರ ಬೆರಳನ್ನು ಗುರುತಿಸದಿದ್ದಾಗ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಅರ್ಧ ಗಂಟೆ ನಿಂತರೆ ಇದು ಯಾರಿಗಾದರೂ ಕಾಣುತ್ತದೆ. ಗಣಿ ಕಾಲೊನಿಯ ಅಜ್ಜಿಯೊಬ್ಬರು ಹೆಬ್ಬೆರಳು ಇಟ್ಟರು, ಕೆಂಪು ದೀಪ. ಸೆರಗಿಗೆ ಒರೆಸಿಕೊಂಡು ಇಟ್ಟರು, ಕೆಂಪು. ತಲೆಗೂದಲಿಗೆ ಉಜ್ಜಿ ಎಣ್ಣೆ ಪಸೆ ತಾಗಿಸಿ ಇಟ್ಟರು, ಮತ್ತೂ ಕೆಂಪು. ಜೀವಮಾನವಿಡೀ ಪಾತ್ರೆ ಉಜ್ಜಿ, ಇಟ್ಟಿಗೆ ಹೊತ್ತ ಕೈಯಲ್ಲಿ ಗೆರೆ ಎಲ್ಲಿಂದ ಬರಬೇಕು? ‘ಪಾಟಿ, ಆ ಬೆರಳು ಬೇಡ, ನಡುಬೆರಳು ಇಡಿ’ ಎಂದ ಅಂಗಡಿಯವನು. ‘ಯಾವುದು ಇಟ್ಟರೂ ನಂದೇ ಕಣಪ್ಪಾ’ ಎಂದರು ಅಜ್ಜಿ. ಸಾಲು ನಕ್ಕಿತು. ಅಂಗಡಿಯವನಿಗೆ ಅವರು ಗೊತ್ತು, ಸಾಲಿನಲ್ಲಿದ್ದವರಿಗೆಲ್ಲ ಗೊತ್ತು. ಆದರೆ ಗೊತ್ತಿರುವವರ ಸಾಕ್ಷಿ ನಡೆಯುವುದಿಲ್ಲ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದರೆ ನಾಳೆ ಬರಬೇಕು. ಸರ್ವರ್ ಯಾಕಿಲ್ಲ, ಅದು ಯಾರ ಹೊಣೆ ಎಂದು ಕೇಳಲು ಎದುರಿಗೆ ಯಾರೂ ಇರುವುದಿಲ್ಲ.

ಇಷ್ಟು ಕಟ್ಟುನಿಟ್ಟಿನ ಇದೇ ದೇಶದಲ್ಲಿ, ಇದೇ ಫೋನಿನೊಳಗೆ, ಗುರುತೇ ಇಲ್ಲದವರ ದರ್ಬಾರೂ ನಡೆದಿದೆ. ಹೆಸರು ‘ಕನ್ನಡದ ಹುಲಿ’, ಮುಖದ ಜಾಗದಲ್ಲಿ ಸಿಂಹದ ಚಿತ್ರ, ಬಾಯಲ್ಲಿ ಹೆಣ್ಣುಮಕ್ಕಳಿಗೆ ಹೇಳಬಾರದ ಮಾತು. ಇವರಿಗೆಲ್ಲ ಆಧಾರ್ ಕಟ್ಟಿಬಿಡಿ, ಬಾಲ ಮುದುರಿಕೊಳ್ಳುತ್ತಾರೆ ಎನ್ನುವವರು ಬಹಳ. ಅಂಥದ್ದೊಂದು ಅರ್ಜಿ 2018ರಲ್ಲಿ ಮದ್ರಾಸ್ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತ್ತು. ಬೈಗುಳ ತಿಂದವರ ಸಿಟ್ಟು ನನಗೆ ಅರ್ಥವಾಗುತ್ತದೆ, ಮದ್ದು ಒಪ್ಪಿಗೆಯಾಗುವುದಿಲ್ಲ. ಕೂಲಿಗೆ ಜನ ಇಟ್ಟುಕೊಂಡು ಬೈಯಿಸುವವನು ಆಧಾರ್ ಕೇಳಿದರೆ ಹತ್ತು ಜನರ ಆಧಾರ್ ತಂದುಕೊಡುತ್ತಾನೆ. ಸಿಕ್ಕಿಬೀಳುವವಳು ಮ್ಯಾನೇಜರ್ ಕೈ ಹಿಡಿದೆಳೆದದ್ದನ್ನು ಸುಳ್ಳು ಹೆಸರಿನಲ್ಲಿ ಬರೆದ ಗಾರ್ಮೆಂಟ್ಸ್ ಹುಡುಗಿ. ಬೇರೆ ಹೆಸರು ಹೇಳಿ ಇನ್ನೊಂದು ಗಣಿಯಲ್ಲಿ ಕೆಲಸ ಹಿಡಿಯುತ್ತಿದ್ದವನ ಸಂಬಂಧಿಕಳು ಅವಳು.

ಊರಿನ ಗುರುತೇ ಕೈತಪ್ಪಿದ ಕಥೆ ಇನ್ನೊಂದು. 2018ರ ಡಿಸೆಂಬರ್‌ನಲ್ಲಿ ‘ಕೆಜಿಎಫ್’ ಸಿನಿಮಾ ಬಂದಂದಿನಿಂದ ಫೋನಿನಲ್ಲಿ ಕೆಜಿಎಫ್ ಎಂದು ಹುಡುಕಿದರೆ ಮೊದಲು ಸಿಗುವುದು ಗಡ್ಡ ಬಿಟ್ಟ ಯಶ್. ಊರಿನ ಹುಡುಗರು ಅದನ್ನೇ ಹೆಮ್ಮೆಯಿಂದ ಪ್ರೊಫೈಲ್‌ಗೆ ಅಂಟಿಸಿಕೊಂಡಿದ್ದಾರೆ, ಅದು ಅವರ ಖುಷಿ. ಬೇಸಗೆಯ ಗಾಳಿಗೆ ಸೈನೈಡ್ ಗುಡ್ಡದ ಧೂಳು ಮನೆಯೊಳಗೆ ಬರುವುದಕ್ಕೆ ಉತ್ತರ ಹೇಳಬೇಕಾದವರು ಯಾರು ಎಂದು ಹುಡುಕಿದರೆ ಫೋನು ಅಷ್ಟು ಚುರುಕಾಗಿ ಹೇಳುವುದಿಲ್ಲ.

ಗುರುತಿನ ಈ ವ್ಯಾಜ್ಯವನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದ ತೀರ್ಪು ಅವರ ಹೆಸರಿನಲ್ಲೇ ಇದೆ. ಮರುವರ್ಷದ ತೀರ್ಪಿನಲ್ಲಿ ಸರ್ಕಾರಿ ಸವಲತ್ತಿಗೆ ಆಧಾರ್ ಕೇಳುವುದು ಸರಿ ಎಂದಾಯಿತು. ಅಂದರೆ ಅಜ್ಜಿಯ ಬೆರಳು ಯಂತ್ರದ ಮೇಲೆಯೇ ಉಳಿಯಿತು. ಅಕ್ಕಿ ಕದಿಯುವವರನ್ನು ತಡೆಯಲು ಗುರುತು ಬೇಕು ಎನ್ನುವುದನ್ನು ನಾನೂ ಅಲ್ಲಗಳೆಯುವುದಿಲ್ಲ. ಆದರೆ ಅಕ್ಕಿ ಕದಿಯುವವರು ಸಾಲಿನ ಈ ತುದಿಯಲ್ಲೇ ಇರುತ್ತಾರೆ ಎಂದು ಹೇಳಿದವರು ಯಾರು?

ಆ ತುದಿಯನ್ನು ನೋಡಲು ನಮಗೊಂದು ಸಾಧನವಿತ್ತು. ಮಾಹಿತಿ ಹಕ್ಕಿಗೆ ಕರ್ನಾಟಕ 2000ದಲ್ಲೇ ಕಾನೂನು ಮಾಡಿತ್ತು. 2005ರಲ್ಲಿ ದೇಶಕ್ಕೆಲ್ಲ ಬಂತು. ಅದರ 8(1)(ಜೆ) ಕಲಮಿನಲ್ಲಿ ವೈಯಕ್ತಿಕ ಮಾಹಿತಿಗೆ ರಕ್ಷಣೆಯಿತ್ತು, ಜೊತೆಗೆ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬೇಕು ಎಂಬ ಮಾತೂ ಇತ್ತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಕಲಮಿನಲ್ಲಿ ರಕ್ಷಣೆಯ ಮಾತನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆದುಹಾಕಿತು. ಸಾರ್ವಜನಿಕ ಹಿತದ ಮಾತು ಕಾಯ್ದೆಯ ಬೇರೊಂದು ಮೂಲೆಯಲ್ಲಿ ಉಳಿದಿದೆ ಎಂದು ಸರ್ಕಾರ ಹೇಳುತ್ತದೆ. ಪುಟ್ಟಸ್ವಾಮಿಯವರು ಪ್ರಜೆಗೆಂದು ಗೆದ್ದುಕೊಟ್ಟ ಹಕ್ಕನ್ನು ಕಚೇರಿಗಳು ಹೊದ್ದುಕೊಳ್ಳಲು ಇಷ್ಟು ಸಾಕು. ಈ ಅಂಗಡಿಗೆ ಬಂದ ಅಕ್ಕಿ ಯಾರ ಯಾರ ಹೆಸರಿಗೆ ಹೋಯಿತು, ಗೋದಾಮಿನಲ್ಲಿ ಸಹಿ ಹಾಕಿದ ಅಧಿಕಾರಿ ಯಾರು ಎಂದು ಅಜ್ಜಿಯ ಮೊಮ್ಮಗ ನಾಳೆ ಅರ್ಜಿ ಕೊಟ್ಟರೆ, ‘ಇದು ವೈಯಕ್ತಿಕ ಮಾಹಿತಿ’ ಎಂಬ ಒಂದು ಸಾಲಿನ ಹಿಂಬರಹ ಬರಬಹುದು. ಅರ್ಜಿ ಹಾಕಿದವನ ಹೆಸರು, ವಿಳಾಸ, ಫೋನ್ ನಂಬರು ಮಾತ್ರ ಆ ಕಚೇರಿಯ ಕಡತದಲ್ಲಿ ಇದ್ದೇ ಇರುತ್ತದೆ.