ಮನೆಯವರೇ ತುಂಬಿದ ಆಡಳಿತ ಮಂಡಳಿ

ಮೈಸೂರಿನಲ್ಲಿರುವ ನನ್ನ ಅಕ್ಕನ ಮಗನಿಗೆ ಕುಟುಂಬವೊಂದರ ಒಡೆತನದ ಕಂಪನಿಯಿಂದ ಕರೆ ಬಂದಿದೆ. ಸಂಬಳ ಕಡಿಮೆ, ಷೇರು ಹೆಚ್ಚು. ಎರಡು ವರ್ಷಗಳ ಬಳಿಕ ಕ್ಯಾಲಿಫೋರ್ನಿಯಾಕ್ಕೆ ವರ್ಗ ಎಂಬ ಭರವಸೆ. "ಮಾವ, ಒಪ್ಪಿಕೊಳ್ಳಲೇ?" ಎಂದು ಕೇಳಿದ್ದಾನೆ. ನಾನು ವೈದ್ಯ, ಲೆಕ್ಕಿಗನಲ್ಲ. ಆದರೂ ಇಲ್ಲಿಯ ಆಸುಪಾಸಿನಲ್ಲೇ ನಡೆದುಹೋದ ಪ್ರಕರಣವೊಂದು ನೆನಪಾಯಿತು.

ಬೆಂಗಳೂರಿನ ಬೈಜೂಸ್ ಸಂಸ್ಥೆ 2019ರಲ್ಲಿ ಪಾಲೊ ಆಲ್ಟೊದ ಆಸ್ಮೊವನ್ನು 12 ಕೋಟಿ ಡಾಲರಿಗೂ 2021ರಲ್ಲಿ ರೆಡ್‌ವುಡ್ ಸಿಟಿಯ ಎಪಿಕ್ಕನ್ನು 50 ಕೋಟಿ ಡಾಲರಿಗೂ ಕೊಂಡಿತು. ಎಪಿಕ್ ಇಲ್ಲಿಯ ಶಾಲಾಮಕ್ಕಳಿಗೆ ಚಿರಪರಿಚಿತವಾದ ಡಿಜಿಟಲ್ ಪುಸ್ತಕ ಭಂಡಾರ. ಬೆಂಗಳೂರಿನ ಕಂಪನಿ ಅದನ್ನು ಕೊಂಡಾಗ ನಮಗೆಲ್ಲ ಹೆಮ್ಮೆಯೇ ಆಗಿತ್ತು. 2022ರಲ್ಲಿ ಸಂಸ್ಥೆಯ ಮೌಲ್ಯವನ್ನು 2,200 ಕೋಟಿ ಡಾಲರ್ ಎಂದು ಅಂದಾಜಿಸಲಾಗಿತ್ತು.

ಆದರೆ 2021ರ ಮಾರ್ಚಿಗೆ ಮುಗಿದ ವರ್ಷದ ಲೆಕ್ಕ ಹೊರಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಷ್ಟ 4,500 ಕೋಟಿ ರೂಪಾಯಿಗೂ ಮೇಲು. ರೋಗಿಯ ರಕ್ತಪರೀಕ್ಷೆಯ ವರದಿ ಒಂದೂವರೆ ವರ್ಷ ತಡವಾದರೆ ಯಾವ ವೈದ್ಯನೂ ಸುಮ್ಮನಿರಲಾರ, ಹೂಡಿಕೆದಾರರು ಸುಮ್ಮನಿದ್ದರು. 2023ರ ಜೂನ್‌ನಲ್ಲಿ, ಮರುವರ್ಷದ ಲೆಕ್ಕವೂ ಕೈಸೇರಲಿಲ್ಲವೆಂದು ಲೆಕ್ಕಪರಿಶೋಧಕ ಡೆಲಾಯ್ಟ್ ಹೊರನಡೆಯಿತು. ಜೊತೆಗೆ ಹೂಡಿಕೆದಾರರ ಮೂವರು ಪ್ರತಿನಿಧಿಗಳೂ ಮಂಡಳಿಯನ್ನು ತೊರೆದರು. ಉಳಿದವರು ಬೈಜು ರವೀಂದ್ರನ್, ಅವರ ಪತ್ನಿ ದಿವ್ಯಾ ಗೋಕುಲ್‌ನಾಥ್ ಮತ್ತು ಸೋದರ ರಿಜು. ಊಟದ ಮೇಜೇ ಮಂಡಳಿಯ ಸಭೆಯಾದಲ್ಲಿ 'ಬೇಡ' ಎನ್ನುವವರು ಯಾರು?

ಮುಂದಿನದು ಬೇಗ ಮುಗಿಯಿತು. 2024ರ ಜುಲೈನಲ್ಲಿ ಕ್ರಿಕೆಟ್ ಮಂಡಳಿಯ ಸುಮಾರು 158 ಕೋಟಿ ರೂಪಾಯಿ ಬಾಕಿಯ ಅರ್ಜಿಯ ಮೇಲೆ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಗೆ ಆದೇಶಿಸಿತು. 120 ಕೋಟಿ ಡಾಲರ್ ಸಾಲದ ವ್ಯಾಜ್ಯ ಡೆಲವೇರ್ ನ್ಯಾಯಾಲಯಕ್ಕೆ ಹೋಯಿತು. ಎಪಿಕ್ 2025ರಲ್ಲಿ 9.5 ಕೋಟಿ ಡಾಲರಿಗೆ ಚೀನಾದ ಕಂಪನಿಯೊಂದರ ಪಾಲಾಯಿತು. ತಮ್ಮ ಮೇಲಿನ ಆರೋಪಗಳನ್ನು ರವೀಂದ್ರನ್ ನಿರಾಕರಿಸುತ್ತಲೇ ಬಂದಿದ್ದಾರೆ.

ಕುಟುಂಬದ ಒಡೆತನವೇ ದೋಷವೆಂದು ನಾನು ಹೇಳಲಾರೆ. ಆದರೆ ದಿವಾಳಿಯಲ್ಲಿ ಷೇರುದಾರನ ಸರದಿ ಕಟ್ಟಕಡೆಗೆ. ಇಲ್ಲಿ ಕೆಲಸ ಹೋದರೆ ಎಚ್-1ಬಿ, ಎಲ್-1 ವೀಸಾದವನಿಗೆ ದೊರೆಯುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಆದ್ದರಿಂದ, ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅಲ್ಪ ಶುಲ್ಕ ಕಟ್ಟಿ ಕಂಪನಿಯ ಲೆಕ್ಕಪತ್ರವನ್ನೂ ನಿರ್ದೇಶಕರ ಹೆಸರುಗಳನ್ನೂ ನೋಡೆಂದು ಹುಡುಗನಿಗೆ ಹೇಳಿದೆ.

ನೋಡಿದ್ದಾನೆ. ಲೆಕ್ಕ ಸಕಾಲಕ್ಕೆ ಸಲ್ಲಿಕೆಯಾಗಿದೆ. ನಾಲ್ವರು ನಿರ್ದೇಶಕರಲ್ಲಿ ಮೂವರು ಒಂದೇ ಮನೆಯವರು. ನಾಲ್ಕನೆಯವರು ಯಾರೆಂದು ಈಗ ವಿಚಾರಿಸುತ್ತಿದ್ದಾನೆ.